ಮುನ್ನೂರಕ್ಕೆ ಮೂರು ಕಡಿಮೆ

ಜನವರಿ ೬, ಮಂಗಳವಾರ. ನೋವು: ೬

ಫಿಸಿಯೋ ಮೇಡಂ ಇವತ್ತು ಈ ನೋಟ್‌ಬುಕ್ ಕೊಟ್ಟರು. ಬಲಮಂಡಿಯ ನೋವು ಹತ್ತಕ್ಕೆ ಎಷ್ಟು ಅಂತ ದಿನಾ ಬರೆಯಬೇಕಂತೆ. ಒಂದು ಅಂಕಿ ಸಾಕು, ಕಥೆ ಬೇಡ ಅಂದರು. ಇನ್ನೂರು ಪುಟದ ಪುಸ್ತಕ ಕೊಟ್ಟು ಒಂದು ಅಂಕಿ ಬರೆ ಅಂದರೆ ಹೇಗೆ? ಉಳಿದ ಜಾಗದಲ್ಲಿ ನನ್ನ ಹೊಟ್ಟೆಯೊಳಗಿನದನ್ನೆಲ್ಲ ಬರೆಯುತ್ತೇನೆ. ಅವರಂತೂ ಅಂಕಿ ಬಿಟ್ಟು ಬೇರೇನೂ ಓದುವವರಲ್ಲ.

ನನಗೆ ಮೂವತ್ತೇಳು. ಹತ್ತೊಂಬತ್ತು ವರ್ಷದಿಂದ ಒಂದೇ ಕ್ಲಬ್‌ಗೆ ಬಾಸ್ಕೆಟ್‌ಬಾಲ್ ಆಡುತ್ತಿದ್ದೇನೆ. ಜನ ನನಗೆ ಇಟ್ಟ ಹೆಸರು ಏಣಿ. ಒಂದು ಕಾಲದಲ್ಲಿ ಗ್ಯಾಲರಿಗೆ ಗ್ಯಾಲರಿಯೇ ಎದ್ದು ‘ಏಣಿ, ಏಣಿ’ ಅಂತ ಕೂಗಿದರೆ ಎದುರು ತಂಡದವರು ಬೆವರುತ್ತಿದ್ದರು. ಈಗ ಅಮ್ಮನಿಗೆ ಮೇಲಿನ ಕಪಾಟಿನಿಂದ ಡಬ್ಬ ಇಳಿಸಬೇಕಾದಾಗ ಮಾತ್ರ ಆ ಹೆಸರು ಅಷ್ಟು ಅಕ್ಕರೆಯಿಂದ ಕೇಳಿಸುತ್ತದೆ.

ನನ್ನ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ಅದರಲ್ಲೊಂದು ಷರತ್ತಿದೆ. ಈ ಸೀಸನ್‌ನಲ್ಲಿ ನಾನು ಒಟ್ಟು ಮುನ್ನೂರು ನಿಮಿಷ ಅಂಕಣದಲ್ಲಿ ಆಡಿದರೆ ಒಪ್ಪಂದ ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯುತ್ತದೆ, ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಆಡದಿದ್ದರೆ ಮ್ಯಾನೇಜರ್ ಮನಸ್ಸು. ಈವರೆಗೆ ಇನ್ನೂರ ಮೂವತ್ತೊಂದು ಆಗಿದೆ, ಹದಿನೈದು ಪಂದ್ಯ ಬಾಕಿ. ಹಿಂದೆಲ್ಲ ಅರವತ್ತೊಂಬತ್ತು ನಿಮಿಷ ಅಂದರೆ ಎರಡು ಪಂದ್ಯದ ಮಾತು. ಈ ವರ್ಷ ನನ್ನ ಜಾಗಕ್ಕೆ ಇಪ್ಪತ್ತೆರಡು ವರ್ಷದವನೊಬ್ಬನನ್ನು ತಂದಿದ್ದಾರೆ. ನನಗಿಂತ ನಾಲ್ಕು ಬೆರಳು ಎತ್ತರ. ಎಲ್ಲರೂ ಅವನನ್ನು ಸ್ಪ್ರಿಂಗ್ ಅನ್ನುತ್ತಾರೆ.

ಹಾಗಾಗಿ ನಾನೀಗ ಬೆಂಚಿನಲ್ಲಿದ್ದೇನೆ. ಬೆಂಚು ಅನ್ನುವುದು ಮಾತಿಗೆ, ಇರುವುದು ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಕೋಚ್ ಪಕ್ಕದ ಒಂದನೆಯದು ಸಹಾಯಕ ಕೋಚ್ ಅವರದು. ಅಲ್ಲಿಂದ ದೂರ ಹೋದಷ್ಟೂ ಆಡುವ ಆಸೆ ಬಿಡಬೇಕು. ನನ್ನದು ಏಳನೆಯದು. ಎಂಟನೆಯದರ ಮೇಲೆ ನೀರಿನ ಬಾಟಲಿ ಇಡುತ್ತಾರೆ.

ಜನವರಿ ೧೦, ಶನಿವಾರ. ನೋವು: ೬. ಆಡಿದ್ದು ೯ ನಿಮಿಷ, ಒಟ್ಟು ೨೪೦

ಸ್ಪ್ರಿಂಗ್ ಐದು ಫೌಲ್ ಮಾಡಿದ. ಐದಾದರೆ ಆ ಪಂದ್ಯದಿಂದ ಹೊರಗೆ. ಎದುರಿನವನು ಚೆಂಡು ಎಸೆಯುವ ಹಾಗೆ ಸುಮ್ಮನೆ ಕೈ ಎತ್ತಿದರೆ ಸಾಕು, ಇವನು ಮೇಲಕ್ಕೆ ಹಾರುತ್ತಾನೆ. ಇಳಿಯುವಾಗ ಅವನ ಹೆಗಲ ಮೇಲೋ ತಲೆಯ ಮೇಲೋ ಇಳಿಯುತ್ತಾನೆ. ನನಗಂತೂ ಹೊಟ್ಟೆಯೊಳಗೆ ಹಾಲು ಹೊಯ್ದ ಹಾಗಾಯಿತು. ಇವನು ಹೀಗೇ ಹಾರುತ್ತಿದ್ದರೆ ನನ್ನ ಮುನ್ನೂರು ಫೆಬ್ರವರಿಯಲ್ಲೇ ತುಂಬುತ್ತದೆ. ದೇವರು ಅವನಿಗೆ ಬುದ್ಧಿ ಕೊಡದಿರಲಿ.

ಅಮ್ಮ ಹತ್ತೊಂಬತ್ತು ವರ್ಷದಿಂದ ಮೊದಲ ಸಾಲಿನಲ್ಲಿ ಕೂತು ನನ್ನ ಪಂದ್ಯ ನೋಡುತ್ತಿದ್ದಾಳೆ. ನಿಯಮ ಒಂದೂ ಗೊತ್ತಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಹೇಳಿದಳು, “ಈ ವರ್ಷ ನಿನ್ನನ್ನ ಚೆನ್ನಾಗಿ ನೋಡ್ಕೊಳ್ತಿದಾರೆ ಕಣೋ. ಎಷ್ಟು ಹೊತ್ತು ಕೂರಿಸ್ತಾರೆ.”

ಜನವರಿ ೧೪, ಬುಧವಾರ. ನೋವು: ೭. ಆಡಿದ್ದು ಸೊನ್ನೆ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದೆ ನಿದ್ದೆ ಬರುವುದಿಲ್ಲ.

ನಮ್ಮ ಟ್ರ್ಯಾಕ್ ಪ್ಯಾಂಟಿಗೆ ಎರಡೂ ಬದಿ ಸೊಂಟದಿಂದ ಪಾದದವರೆಗೆ ಒತ್ತುಗುಂಡಿಗಳಿವೆ. ಎಳೆದರೆ ಒಂದೇ ಸಲಕ್ಕೆ ಪಟಪಟ ಬಿಚ್ಚಿಕೊಂಡು ಪ್ಯಾಂಟು ಕೈಗೆ ಬರುತ್ತದೆ. ಮೂರನೆಯ ಕ್ವಾರ್ಟರ್‌ನಲ್ಲಿ ಕೋಚ್ ತಿರುಗಿ ನನ್ನ ಕಡೆ ಬೆರಳು ತೋರಿಸಿದ. ನಾನು ಎಳೆದೇ ಬಿಟ್ಟೆ. ಎದ್ದು ನಿಂತು ಎರಡು ಸಲ ಹಾರಿದ್ದೂ ಆಯಿತು. ಕೋಚ್ ಕಣ್ಣು ಪಿಳಿಪಿಳಿ ಬಿಟ್ಟು, “ಅಲ್ಲ, ಆ ನೀರು” ಅಂದ.

ಎಂಟನೆಯ ಕುರ್ಚಿಯಿಂದ ಬಾಟಲಿ ತೆಗೆದು ಕೊಟ್ಟೆ. ಆಮೇಲೆ ಕೂತು ಗುಂಡಿ ಹಾಕಿಕೊಂಡೆ. ಒಂದು ಬದಿಗೆ ಹದಿನೇಳು, ಎರಡೂ ಬದಿಗೆ ಮೂವತ್ತನಾಲ್ಕು. ಅಷ್ಟನ್ನೂ ಟಿವಿಯವರು ತೋರಿಸಿದರಂತೆ. ಮನೆಗೆ ಬಂದಾಗ ಹೆಂಡತಿ ನನ್ನ ಊಟ ಮುಗಿಯುವವರೆಗೆ ಬಾಯಿಗೆ ಅಡ್ಡ ಇಟ್ಟ ಕೈ ತೆಗೆಯಲಿಲ್ಲ.

ಜನವರಿ ೧೯, ಸೋಮವಾರ. ನೋವು: ೫

ನನ್ನ ಏಜೆಂಟ್ ಅಂದರೆ ನನ್ನ ಭಾಮೈದ, ಹೆಂಡತಿಯ ತಮ್ಮ. ಮೊದಲೊಬ್ಬ ದೊಡ್ಡ ಏಜೆಂಟ್ ಇದ್ದ, ಹೋದ ವರ್ಷದಿಂದ ಫೋನ್ ಎತ್ತುವುದು ಬಿಟ್ಟ. ಭಾಮೈದನದು ನಲ್ಲಿ, ಟೈಲ್ಸ್ ಮಾರುವ ಅಂಗಡಿ. ಇವತ್ತು ಟೈ ಕಟ್ಟಿಕೊಂಡು ನನ್ನ ಜೊತೆ ಮ್ಯಾನೇಜರ್ ಕೋಣೆಗೆ ಬಂದ. ಷರತ್ತಿನ ಗೊಡವೆ ಬೇಡ, ಈಗಲೇ ಇನ್ನೊಂದು ವರ್ಷಕ್ಕೆ ಸೈನ್ ಮಾಡಿ ಅಂತ ಕೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಬೆನ್ನು ತಟ್ಟಿ, ಇದು ಹಳೇ ಮಾಲು, ಈಗಿನದರ ಹಾಗಲ್ಲ, ತುಕ್ಕು ಹಿಡಿಯೋದಿಲ್ಲ ಅಂತಲೂ ಅಂದ. ಮ್ಯಾನೇಜರ್ ನನ್ನ ಮಂಡಿಯನ್ನೇ ನೋಡುತ್ತಾ “ನೋಡೋಣ” ಅಂದರು.

ಸಂಜೆಯೆಲ್ಲ ಮನೆಯಲ್ಲಿ ಆ ಒಂದು ಮಾತಿನ ಮೇಲೇ ಚರ್ಚೆ. ಇಲ್ಲ ಅನ್ನುವುದಾದರೆ ಇಲ್ಲ ಅಂತಿದ್ದರು, ಆದ್ದರಿಂದ ಒಳ್ಳೆಯದೇ ಅಂತ ಭಾಮೈದ. ಹೂಂ ಅನ್ನುವುದಾದರೆ ಹೂಂ ಅಂತಿದ್ದರು ಅಂತ ಹೆಂಡತಿ. ಕೊನೆಗೆ ಅಮ್ಮ ಹೇಳಿದಳು, “ಫ್ರಿಜ್ ತರೋಣ್ವಾ ಅಂತ ಕೇಳಿದ್ರೆ ನಿಮ್ಮಪ್ಪನೂ ನೋಡೋಣ ಅಂದಿದ್ರು. ಹನ್ನೊಂದು ವರ್ಷ ನೋಡಿದ್ರು.”

ಜನವರಿ ೨೪, ಶನಿವಾರ. ನೋವು: ೬. ಆಡಿದ್ದು ೧೨ ನಿಮಿಷ, ಒಟ್ಟು ೨೫೨

ಸ್ಪ್ರಿಂಗ್ ಮತ್ತೆ ಐದು ಫೌಲ್. ಹನ್ನೆರಡು ನಿಮಿಷ ಸಿಕ್ಕಿತು. ಖುಷಿಪಡಬೇಕು, ಪಡಲಾಗುತ್ತಿಲ್ಲ.

ಕೋಚ್ ನನಗಿಂತ ಎರಡು ವರ್ಷ ಚಿಕ್ಕವನು. ಅವನು ತಂಡಕ್ಕೆ ಬಂದಾಗ ನಾನೇ ನಾಯಕ. ಕಾಲು ಮುರಿದುಕೊಂಡು ಬೇಗ ಆಟ ಬಿಟ್ಟ, ಕೋಚ್ ಆದ. ಇಷ್ಟು ವರ್ಷ ‘ಏಣಿ, ಬಾ, ಹೋಗು’ ಅಂತಿದ್ದವನು ಇವತ್ತು, ನೀವು ಸ್ವಲ್ಪ ಸುಧಾರಿಸಿಕೊಳ್ಳಿ ಅಂದ. ಕೋಚ್ ಆಟಗಾರನಿಗೆ ಮರ್ಯಾದೆ ಕೊಡಲು ಶುರು ಮಾಡಿದ ಅಂದರೆ ಗಂಟುಮೂಟೆ ಕಟ್ಟುವ ಹೊತ್ತು ಬಂತು ಅಂತಲೇ ಅರ್ಥ. ನಾನೂ ನಾಯಕನಾಗಿದ್ದಾಗ ಹೋಗುವವರಿಗೆಲ್ಲ ಹೀಗೇ ಬಹುವಚನ ಹಚ್ಚಿದ್ದೇನೆ.

ಅದಕ್ಕಿಂತ ಕಿರಿಕಿರಿ ಸ್ಪ್ರಿಂಗ್ ಕಾಲುಗಳದು. ಅಷ್ಟೆತ್ತರದ ಮನುಷ್ಯ, ಅಷ್ಟು ಒಳ್ಳೆಯ ಕೈ, ಕಾಲು ಮಾತ್ರ ಎಲ್ಲೆಲ್ಲೋ. ನೋಡಿದರೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ.

ಫೆಬ್ರವರಿ ೩, ಮಂಗಳವಾರ. ನೋವು: ೫

ಅಭ್ಯಾಸದಲ್ಲಿ ತಡೆದುಕೊಳ್ಳಲಾಗಲಿಲ್ಲ. ಇವನ ಎದುರು ಆಡುತ್ತಿದ್ದವನು ನಮ್ಮ ತಂಡದ ಅತ್ಯಂತ ಸೋಮಾರಿ, ಅವನು ಕೆನ್ನೆ ತುರಿಸಿಕೊಳ್ಳಲು ಕೈ ಎತ್ತಿದ್ದಕ್ಕೂ ಇವನು ಹಾರಿದ. ನಾನು ಎದ್ದು ಹೋಗಿ ಕೇಳಿದೆ, “ಏನೋ ನೋಡ್ತಿದೀಯ ನೀನು?”

“ಚೆಂಡು ನೋಡ್ತಿದೀನಿ ಅಣ್ಣ.”

“ಚೆಂಡು ಸುಳ್ಳು ಹೇಳುತ್ತೆ. ಕಣ್ಣು, ಕೈ, ಹೆಗಲು ಎಲ್ಲ ಸುಳ್ಳು ಹೇಳುತ್ತೆ. ಹೊಟ್ಟೆ ನೋಡು. ಹೊಟ್ಟೆ ಮೇಲೆ ಹೋಗದೆ ಮನುಷ್ಯ ಮೇಲೆ ಹೋಗಲ್ಲ.”

ಅವನು ಒಂದು ಕ್ಷಣ ನನ್ನ ಹೊಟ್ಟೆಯನ್ನೇ ನೋಡಿದ. ನಾನು ಉಸಿರು ಒಳಗೆಳೆದುಕೊಂಡೆ. ಆಮೇಲೆ ಹೋಗಿ ಸೋಮಾರಿಯ ಎದುರು ನಿಂತ. ಸೋಮಾರಿ ಮೂರು ಸಲ ಕೈ ಎತ್ತಿ ಮೋಸ ಮಾಡಿದ. ಇವನು ಎರಡು ಸಲ ಹಾರಿದ, ಮೂರನೆಯ ಸಲ ಹಾರಲಿಲ್ಲ.

ಫೆಬ್ರವರಿ ೪, ಬುಧವಾರ. ನೋವು: ೫

ಯಾಕೆ ಹೇಳಿದೆ? ನಾಲಿಗೆಗೆ ಏನು ಬಂದಿತ್ತು?

ಫೆಬ್ರವರಿ ೧೪, ಶನಿವಾರ. ಆಡಿದ್ದು ೬ ನಿಮಿಷ, ಒಟ್ಟು ೨೭೭

ಸ್ಪ್ರಿಂಗ್‌ಗೆ ನಾಲ್ಕೇ ಫೌಲ್. ಸುಸ್ತಾಗಿ ಹೊರಗೆ ಬಂದಿದ್ದಕ್ಕೆ ಆರು ನಿಮಿಷ ಸಿಕ್ಕಿದ್ದು, ಇಲ್ಲದಿದ್ದರೆ ಅದೂ ಇಲ್ಲ. ಸೋಮಾರಿ ಹೋಗಿ ಭಾಮೈದನ ಹತ್ತಿರ ಹೊಟ್ಟೆಯ ವಿಷಯ ಹೇಳಿದ್ದಾನೆ. ಭಾಮೈದ ಅಂಗಡಿ ಮುಚ್ಚಿ ಓಡಿ ಬಂದ. “ಭಾವ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದೀರಲ್ಲ. ಅವನು ಫೌಲ್ ಮಾಡಿದ್ರೆ ತಾನೇ ನಿಮ್ಗೆ ನಿಮಿಷ?” ಅಂತ ಹಣೆ ಚಚ್ಚಿಕೊಂಡ.

ಸರಿಯಾಗೇ ಹೇಳಿದ. ಇನ್ನು ಮೇಲೆ ಸ್ಪ್ರಿಂಗ್ ಹತ್ತಿರ ಒಂದಕ್ಷರ ಮಾತಾಡುವುದಿಲ್ಲ. ಬಾಯಿಗೆ ಬೀಗ. ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡಿಗೆ, ಹೋಗುವಾಗ ಎಡಗಾಲು ತಡವಾಗಿ ಎತ್ತುತ್ತಾನೆ, ಅದೊಂದು ಹೇಳಿ ನಿಲ್ಲಿಸುತ್ತೇನೆ.

ಫೆಬ್ರವರಿ ೨೫, ಬುಧವಾರ

ಸ್ಪ್ರಿಂಗ್ ಇವತ್ತು ಮನೆಗೆ ಬಂದಿದ್ದ. ನಾನೇ ಬಾ ಅಂದಿದ್ದೆ. ಅಂಕಣ ಬೇರೆಯವರಿಗೆ ಕೊಟ್ಟಿದ್ದರು, ಕಲಿಸುವುದು ಅರ್ಧಕ್ಕೆ ನಿಂತಿತ್ತು. ಹಾಲ್‌ನ ಸೋಫಾ ಗೋಡೆಗೆ ಸರಿಸಿ ಊಟದ ಕುರ್ಚಿಗಳನ್ನು ಎದುರು ತಂಡ ಮಾಡಿದೆವು. ಕುರ್ಚಿ ಮೋಸ ಮಾಡುವುದಿಲ್ಲವಲ್ಲ, ಅದಕ್ಕೆ ಅಮ್ಮನ ಕೈಗೆ ದಿಂಬು ಕೊಟ್ಟು ನಿಲ್ಲಿಸಿದೆ. ಎಸೆಯುವ ಹಾಗೆ ಮಾಡು, ಎಸೆಯಬೇಡ ಅಂದೆ.

ಹತ್ತೊಂಬತ್ತು ವರ್ಷದಲ್ಲಿ ಅಮ್ಮನ ಈ ಪ್ರತಿಭೆ ಯಾರಿಗೂ ಗೊತ್ತಿರಲಿಲ್ಲ. ಬಾಗಿಲ ಕಡೆ ನೋಡಿ, “ಯಾರೋ ಬಂದ್ರು ನೋಡು” ಅಂದು ದಿಂಬು ಎತ್ತಿದಳು. ಸ್ಪ್ರಿಂಗ್ ಹಾರಿದ. ಹಾಲ್‌ನ ದೀಪ ಅವನ ತಲೆಗೆ ಬಡಿದು ಪುಡಿಪುಡಿಯಾಯಿತು. ಅಮ್ಮ ದಿಂಬು ತಬ್ಬಿಕೊಂಡು, “ಹೊಟ್ಟೆ ನೋಡೋ ಮಗನೇ, ಹೊಟ್ಟೆ” ಅಂದಳು. ಹೆಂಡತಿ ಗಾಜು ಗುಡಿಸಿದಳು. ಗುಡಿಸುತ್ತಾ, ನೀವು ಇಷ್ಟು ನಕ್ಕಿದ್ದು ನೋಡಿ ಎಷ್ಟು ದಿನವಾಯಿತು ರೀ ಅಂದಳು. ಅವಳಿಗೆ ಯಾವಾಗ ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ, ದೀಪ ಒಡೆದಿದೆ ಇಲ್ಲಿ.

ಮಾರ್ಚ್ ೭, ಶನಿವಾರ

ಗೆದ್ದೆವು. ಸ್ಪ್ರಿಂಗ್‌ಗೆ ಎರಡೇ ಫೌಲ್, ಹದಿನೈದು ರೀಬೌಂಡ್. ಎಡಗಾಲು ಈಗ ಸರಿಯಾದ ಹೊತ್ತಿಗೆ ಏಳುತ್ತಿದೆ. ಎದುರಿನವನ ಬೆನ್ನಿಗೆ ಅಂಟಿಕೊಂಡು ನಿಲ್ಲುವುದೊಂದು ಬಾಕಿ, ಪುಸ್ತಕದ ಹಿಂದಿನ ಪುಟದಲ್ಲಿ ಪಾದದ ಚಿತ್ರ ಬರೆದಿಟ್ಟಿದ್ದೇನೆ.

ಏಳನೆಯ ಕುರ್ಚಿಯ ಕಾಲು ಹೋದ ವಾರ ಮುರಿದಿತ್ತು. ಸಹಾಯಕ ಕೋಚ್ ಫೆಬ್ರವರಿಯಲ್ಲಿ ಬೇರೆ ಕಡೆ ಕೆಲಸ ಸಿಕ್ಕಿ ಹೋದರು, ಅವರ ಜಾಗ ಖಾಲಿ ಇತ್ತು, ಅಲ್ಲಿ ಕೂತುಕೊಳ್ಳಿ ಅಂದ ಕೋಚ್. ಕೂತಿದ್ದೇ ತಪ್ಪಾಯಿತು. ಪಂದ್ಯ ಪೂರ್ತಿ ತಲೆ ತಿನ್ನುತ್ತಾನೆ. ಈಗ ಯಾರನ್ನು ಕಳಿಸಲಿ, ಅವರು ಮುಂದೇನು ಮಾಡುತ್ತಾರೆ, ಟೈಮ್‌ಔಟ್ ತಗೊಳ್ಳಲೇ. ಅವನಿಗೆ ಉತ್ತರ ಹೇಳಿ ಹೇಳಿ ಗಂಟಲು ಕಟ್ಟಿದೆ.

ನಾನೂ ಸ್ವಲ್ಪ ಆಡಿದೆ. ಎಷ್ಟು ನಿಮಿಷ ಅಂತ ಭಾಮೈದನನ್ನು ಕೇಳಬೇಕು.

ಮಾರ್ಚ್ ೨೨, ಭಾನುವಾರ

ಭಾಮೈದ ಲೆಕ್ಕ ತಂದ. ಇನ್ನೂರ ತೊಂಬತ್ತೇಳು. ಒಂದು ಪಂದ್ಯ ಬಾಕಿ, ಮೂರು ನಿಮಿಷ ಸಾಕು. “ಹಲ್ಲುಜ್ಜೋ ಹೊತ್ತು ಭಾವ. ಅಂಕಣದ ಮಧ್ಯೆ ನಿಂತು ಹಲ್ಲುಜ್ಜಿದ್ರೂ ನಡೆಯುತ್ತೆ” ಅಂದ.

ನಾನು ಕೋಚ್‌ಗೆ ಫೋನ್ ಮಾಡಿದೆ. ಕೇಳಲು ಬಾಯಿ ಬರಲಿಲ್ಲ, ಹವಾಮಾನದ ವಿಷಯ ಮಾತಾಡಿದೆ. ಅವನೇ ಹೇಳಿದ. ಗೆಲ್ಲಲಿ ಸೋಲಲಿ, ಶನಿವಾರದ ಕೊನೆಯ ಐದು ನಿಮಿಷ ನನ್ನದು. ಫೋನ್ ಇಟ್ಟೆ. ಇನ್ನೊಂದು ವರ್ಷ. ನನಗೆ ಆಟ ಬಿಟ್ಟರೆ ಬೇರೇನೂ ಬರುವುದಿಲ್ಲ, ಅದಕ್ಕೇ ಇಷ್ಟು ಹೆದರಿದ್ದೆ ಅಂತ ಆಗ ಗೊತ್ತಾಯಿತು.

ಮಾರ್ಚ್ ೨೮, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎದುರು ತಂಡದಲ್ಲಿ ಒಬ್ಬ ಎಡಗೈಯವನಿದ್ದ. ಡ್ರೆಸ್ಸಿಂಗ್ ರೂಮಿನಲ್ಲಿ ನಾಲ್ಕು ಶೂ ಜೋಡಿಸಿ ಅವನು ಎಲ್ಲಿ ತಿರುಗುತ್ತಾನೆ ಅಂತ ಸ್ಪ್ರಿಂಗ್‌ಗೆ ತೋರಿಸುತ್ತಿದ್ದೆ. ಹೇಳುತ್ತಲೇ ಬಟ್ಟೆ ಬದಲಾಯಿಸಿದೆ. ಬೆಲ್ ಆಯಿತು, ಜಾಕೆಟ್‌ನ ಜಿಪ್ ಎಳೆದುಕೊಂಡು ಹೊರಗೆ ಬಂದೆ, ಹೇಳುವುದು ಮುಗಿದಿರಲಿಲ್ಲ.

ಕೊನೆಗೆ ಐದು ನಿಮಿಷ ಉಳಿಯಿತು. ಅಂಕ ಸಮ. ಸ್ಪ್ರಿಂಗ್‌ಗೆ ನಾಲ್ಕು ಫೌಲ್ ಆಗಿತ್ತು. ಕೋಚ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ನನ್ನ ಕಡೆ ತಿರುಗಿ, “ಏಣಿ, ಬಾ” ಅಂದ. ಗ್ಯಾಲರಿಗೆ ಹೇಗೆ ಗೊತ್ತಾಯಿತೋ, ಎಲ್ಲರೂ ಎದ್ದು ‘ಏಣಿ, ಏಣಿ’ ಅಂತ ಕೂಗಿದರು. ಪ್ಯಾಂಟು ಎಳೆದೆ, ಮೂವತ್ತನಾಲ್ಕು ಗುಂಡಿಯೂ ಒಂದೇ ಸಲಕ್ಕೆ ಬಿಚ್ಚಿಕೊಂಡವು. ಜಾಕೆಟ್ ತೆಗೆದು ಗಾಳಿಗೆ ಎಸೆದೆ.

ಕೂಗು ನಿಂತಿತು. ರೆಫರಿ ನನ್ನ ಹತ್ತಿರ ಬಂದು ಮೆತ್ತಗೆ, ನಂಬರ್ ಎಲ್ಲಿ ಅಂತ ಕೇಳಿದರು. ಬಗ್ಗಿ ನೋಡಿಕೊಂಡರೆ ಬನಿಯನ್. ಜೆರ್ಸಿ ಡ್ರೆಸ್ಸಿಂಗ್ ರೂಮಿನ ಮೊಳೆಯಲ್ಲೇ ನೇತಾಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನವೂ ಮರೆತವನಲ್ಲ. ಬನಿಯನ್ ಕಂಕುಳ ಹತ್ತಿರ ಹರಿದಿತ್ತು ಬೇರೆ. ಮೊದಲ ಸಾಲಿನಿಂದ ಅಮ್ಮನ ಧ್ವನಿ ಕೇಳಿಸಿತು, ಅದನ್ನ ಒರೆಸೋ ಬಟ್ಟೆಗೆ ಅಂತ ಎತ್ತಿಟ್ಟಿದ್ದೆನಲ್ಲೋ ಅಂತ.

ಓಡಿದೆ. ಸ್ಪ್ರಿಂಗನ್ನೇ ಇಟ್ಟುಕೊಂಡು ಆಟ ಮುಂದುವರಿಯಿತು. ಡ್ರೆಸ್ಸಿಂಗ್ ರೂಮಿಗೆ ಬೀಗ. ಬೀಗದ ಕೈ ಇರುವ ಕಾವಲುಗಾರ ಗ್ಯಾಲರಿಯ ತುತ್ತತುದಿಯಲ್ಲಿ ನಿಂತು ನನ್ನ ಹೆಸರನ್ನೇ ಕೂಗುತ್ತಿದ್ದ. ಅವನು ಇಳಿದು ಬಂದು, ಬೀಗ ತೆಗೆದು, ನಾನು ಜೆರ್ಸಿ ತೊಟ್ಟು ವಾಪಸ್ ಬಂದಾಗ ಮೂರು ನಿಮಿಷ ನಲವತ್ತು ಸೆಕೆಂಡ್ ಇತ್ತು. ಮೂರಕ್ಕೆ ಸಾಕಾಗುತ್ತಿತ್ತು. ಭಾಮೈದ ಎರಡೂ ಕೈ ಎತ್ತಿ ಮೂರು ಬೆರಳು ತೋರಿಸುತ್ತಿದ್ದ.

“ಈಗ ಹೋಗ್ತೀಯಾ?” ಅಂದ ಕೋಚ್.

ಅಷ್ಟರಲ್ಲಿ ಚೆಂಡು ಎಡಗೈಯವನಿಗೆ ಬಂತು. ಎದುರಿಗೆ ಸ್ಪ್ರಿಂಗ್. ಇನ್ನೊಂದು ಫೌಲ್ ಮಾಡಿದರೆ ಅವನು ಹೊರಗೆ. ಎಡಗೈಯವನು ಕೈ ಎತ್ತಿದ. ಸ್ಪ್ರಿಂಗ್ ಹಾರಲಿಲ್ಲ. “ಒಂದು ನಿಮಿಷ ಇರು” ಅಂದೆ ಕೋಚ್‌ಗೆ. ಎಡಗೈಯವನು ಹೆಗಲು ಕುಣಿಸಿದ, ಕಣ್ಣು ಮೇಲೆತ್ತಿದ, ಮತ್ತೆ ಕೈ ಎತ್ತಿದ. ಸ್ಪ್ರಿಂಗ್‌ನ ಎರಡೂ ಪಾದ ನೆಲದಲ್ಲೇ ಇದ್ದವು, ಕಣ್ಣು ಅವನ ಹೊಟ್ಟೆಯ ಮೇಲೆ. ಕೊನೆಗೆ ಅವನು ನಿಜವಾಗಿ ಎಸೆದಾಗ ಇವನು ಸುಮ್ಮನೆ ಕೈ ಚಾಚಿ ಚೆಂಡನ್ನು ತೆಗೆದುಕೊಂಡ, ಕಪಾಟಿನಿಂದ ಡಬ್ಬ ತೆಗೆದುಕೊಳ್ಳುವ ಹಾಗೆ.

ಆಮೇಲೆ ಕೋಚ್ ಎರಡು ಸಲ ಕೇಳಿದನಂತೆ. ನನಗೆ ನೆನಪಿಲ್ಲ. ಇನ್ನೊಂದು ಸಲ ಇರು, ಈಗ ಅವನು ಎಡಕ್ಕೆ ತಿರುಗುತ್ತಾನೆ ನೋಡು ಅಂದೆನಂತೆ. ತಿರುಗಿದ್ದು ನೆನಪಿದೆ. ಸ್ಪ್ರಿಂಗ್ ಅಲ್ಲಿ ಮೊದಲೇ ನಿಂತಿದ್ದ.

ಎರಡು ಅಂಕದಿಂದ ಗೆದ್ದೆವು. ಸ್ಪ್ರಿಂಗ್ ಓಡಿ ಬಂದು ನನ್ನನ್ನು ಸೊಂಟ ಹಿಡಿದು ಎತ್ತಿದ. ಅಷ್ಟೆತ್ತರದಿಂದ ಗೋಡೆಯ ಮೇಲಿನ ಪಂದ್ಯದ ಗಡಿಯಾರ ಕಂಡಿತು. ಎಲ್ಲ ಸೊನ್ನೆ. ಆಗ ನೆನಪಾಯಿತು.

ಮಾರ್ಚ್ ೨೯, ಭಾನುವಾರ

ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಅತ್ತೆ. ಭಾಮೈದನ ಅಂಗಡಿಯ ನಲ್ಲಿ, ಸದ್ದೇ ಮಾಡುವುದಿಲ್ಲ. ಮನೆಗೆಲ್ಲ ಕೇಳಿಸಿತು. ಇನ್ನು ಯಾವತ್ತೂ ಆಡುವುದಿಲ್ಲ ಅಂತ ತಿಳಿದು ಕೊನೆಯ ಸಲ ಚೆಂಡು ಮುಟ್ಟುವುದು ಬೇರೆ, ತಿಳಿಯದೆ ಮುಟ್ಟಿ ಬಿಟ್ಟಿರುವುದು ಬೇರೆ. ನಾನು ಕೊನೆಯ ಸಲ ಯಾವಾಗ ಮುಟ್ಟಿದೆ ಅಂತಲೂ ನೆನಪಿಲ್ಲ.

ಮಾರ್ಚ್ ೩೦, ಸೋಮವಾರ

ಮ್ಯಾನೇಜರ್ ಕರೆಸಿದ್ದರು. ಭಾಮೈದ ಸಾವಿಗೆ ಬಂದವನ ಮುಖ ಹೊತ್ತು ಜೊತೆಗೆ ಬಂದ. ಕೋಚ್ ಕಿಟಕಿಯ ಹತ್ತಿರ ನಿಂತಿದ್ದ. ಮ್ಯಾನೇಜರ್ ಒಂದು ಕಾಗದ ನನ್ನ ಕಡೆ ಸರಿಸಿದರು. ಬೀಳ್ಕೊಡುಗೆ ಪತ್ರ ಅಂದುಕೊಂಡೆ. ಸಹಾಯಕ ಕೋಚ್ ಹುದ್ದೆ, ಮೂರು ವರ್ಷ. ಮೇಲಿನ ತಾರೀಕು ಮಾರ್ಚ್ ಎರಡು. ಕೋಚ್ ಅವತ್ತೇ ಕಾಗದ ಬರೆಸಿ ಕೇಳಿದ್ದನಂತೆ, ಮ್ಯಾನೇಜರ್ ಅವನಿಗೂ ನೋಡೋಣ ಅಂದಿದ್ದರಂತೆ.

“ಒಂದು ತಿಂಗಳಿಂದ ಯಾರ ಕುರ್ಚೀಲಿ ಕೂತಿದೀನಿ ಅಂದ್ಕೊಂಡಿದ್ದೆ ನೀನು?” ಅಂದ ಕೋಚ್.

ಏಳನೆಯದರ ಕಾಲು ಮುರಿದಿತ್ತಲ್ಲ ಅಂದೆ.

“ಅದನ್ನ ಮಾರನೇ ದಿನಾನೇ ಸರಿ ಮಾಡಿಸಿದ್ವಿ.”

ಏನಂತೀರಿ ಅಂತ ಮ್ಯಾನೇಜರ್ ಕೇಳಿದರು. ನಾನು ಅವರ ಮಂಡಿಯ ಕಡೆ ನೋಡುತ್ತಾ “ನೋಡೋಣ” ಅಂದೆ. ಭಾಮೈದ ಮೇಜಿನ ಕೆಳಗೆ ಒದ್ದ. ಬಲಮಂಡಿಗೇ ಬಿತ್ತು.

ಏಪ್ರಿಲ್ ೨, ಗುರುವಾರ. ನೋವು: ೬

ಫಿಸಿಯೋ ಮೇಡಂ ಪುಸ್ತಕ ತೆರೆದು ಅಂಕಿ ಹುಡುಕಿದರು. ಫೆಬ್ರವರಿ ನಾಲ್ಕರ ನಂತರ ಒಂದೂ ಇಲ್ಲ. ನೋವು ಹೋಯಿತಾ ಅಂತ ಕೇಳಿದರು. ಹೋಗಿಲ್ಲ, ಬರೆಯಲು ಮರೆತೆ ಅಂದೆ. ಈಗ ಎಷ್ಟಿದೆ ಅಂದರು. ಒತ್ತಿ ನೋಡಿಕೊಂಡು ಹೇಳಬೇಕಾಯಿತು. ಆರು, ಜನವರಿಯಲ್ಲಿ ಇದ್ದಷ್ಟೇ.

ಆಟ ಮುಗಿದ ಮೇಲೆ ಇದರ ಕೆಲಸವೂ ಮುಗಿಯಿತು, ಪುಸ್ತಕ ಫೈಲಿಗೆ ಹಾಕುತ್ತೇನೆ ಅಂತ ಕೈ ಚಾಚಿದರು. ನಾನು ಕೊಡಲಿಲ್ಲ. ಹಿಂದಿನ ಪುಟಗಳಲ್ಲಿ ಸ್ಪ್ರಿಂಗ್‌ನ ಪಾದಗಳಿವೆ, ಜೂನ್ ಒಂದಕ್ಕೆ ಅಭ್ಯಾಸ ಶುರು, ಅಷ್ಟರೊಳಗೆ ಸೋಮಾರಿಗೂ ನಾಲ್ಕು ಪುಟ ಬರೆಯಬೇಕು ಅಂತ ಹೇಳಿದೆ.

“ಹಾಗಾದ್ರೆ ಸೈನ್ ಮಾಡಿದ್ರಿ ಅನ್ನಿ” ಅಂದರು ಮೇಡಂ.

ಇನ್ನೂ ಯೋಚನೆ ಮಾಡುತ್ತಿದ್ದೇನೆ ಅಂದೆ. ಯಾಕೆ ನಕ್ಕರೋ ಗೊತ್ತಾಗಲಿಲ್ಲ.